ಕೇಳದಿದ್ದರೂ ಬರುತ್ತಿದ್ದ ಮತ

ಇವರಿಬ್ಬರ ಹೆಸರು ಇಲ್ಲಿ ಬೇಡ. ಒಬ್ಬರು ಚಿತ್ರದುರ್ಗದ ಕಡೆಯವರು. ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ ಮ್ಯಾನೇಜರಾಗಿ ನಿವೃತ್ತರಾದವರು. 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರ ಹೆಸರು ಬಂದರೆ ಈಗಲೂ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಳ್ಳುವವರು. ಇನ್ನೊಬ್ಬಳು ಅವರ ತಮ್ಮನ ಮಗಳು, ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತಾಳೆ. ಜಗಳ 1969ರ ರಾಷ್ಟ್ರಪತಿ ಚುನಾವಣೆಯದು: ಕಾಂಗ್ರೆಸ್ಸಿನ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ ಯಾಕೆ ಸೋತರು? ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಂಡವನು. ಸುಮ್ಮನಿರಲಾರದೆ ಒಂದೆರಡು ಕಡೆ ಬಾಯಿ ಹಾಕಿದ್ದೇನೆ.

ದೊಡ್ಡಪ್ಪ: ಅದರಲ್ಲಿ ಚರ್ಚೆ ಮಾಡೋದೇನಿದೆ ಕಣವ್ವ? ರೆಡ್ಡಿಯವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದ್ದು ಇಂದಿರಾ ಗಾಂಧಿ. ಮತದಾನ ಹತ್ತಿರ ಬಂದಾಗ ಅದೇ ಇಂದಿರಾ ಗಾಂಧಿ ‘ಆತ್ಮಸಾಕ್ಷಿಗೆ ಒಪ್ಪುವ ಹಾಗೆ ಮತ ಹಾಕಿ’ ಅಂದ್ರು. ಮನೆಯವರೇ ಚಿಲಕ ತೆಗೆದುಕೊಟ್ಟ ಮೇಲೆ ಕಳ್ಳತನ ಹೇಗಾಯ್ತು ಅಂತ ಪೊಲೀಸ್ ನಾಯಿ ಕರೆಸ್ತೀಯಾ?

ಹುಡುಗಿ: ಚಿಲಕ ಯಾರು ತೆಗೆದ್ರು ಅಂತ ಎಲ್ಲರಿಗೂ ಗೊತ್ತು ದೊಡ್ಡಪ್ಪ. ತೆಗೆಯೋ ಹಾಗೆ ಮಾಡಿದ್ದು ಯಾರು ಅನ್ನೋದು ನನ್ನ ಪ್ರಶ್ನೆ. ಮೇ 3ಕ್ಕೆ ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡ್ರು. ಜುಲೈನಲ್ಲಿ ನಮ್ಮ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ. ಆಗಲೇ ಪಾರ್ಲಿಮೆಂಟರಿ ಬೋರ್ಡ್ ಸೇರಿ ಅಭ್ಯರ್ಥಿಯನ್ನ ಆರಿಸ್ತು. ಗಾಂಧೀಜಿ ಹುಟ್ಟಿ ನೂರು ವರ್ಷ ತುಂಬೋ ಹೊತ್ತಲ್ಲಿ ದಲಿತರೊಬ್ಬರು ರಾಷ್ಟ್ರಪತಿ ಆಗಲಿ ಅಂತ ಪ್ರಧಾನಿ ಜಗಜೀವನ್ ರಾಮ್ ಹೆಸರು ಹೇಳಿದ್ರು. ಕಾಮರಾಜ್, ಮೊರಾರ್ಜಿ, ಎಸ್.ಕೆ. ಪಾಟೀಲ್ ಎಲ್ಲ ರೆಡ್ಡಿ ಕಡೆ. ಚವಾಣ್ ತಮ್ಮ ಕಡೆ ಇರ್ತಾರೆ ಅಂತ ಆಕೆ ಅಂದ್ಕೊಂಡಿದ್ರು, ಅವರೂ ಅತ್ತ ವಾಲಿದ್ರು. ಕೂತಿರೋ ಪ್ರಧಾನಿಯನ್ನ ಮತಕ್ಕೆ ಹಾಕಿ ಸೋಲಿಸಿ ಕಳಿಸಿದ್ರು.

ದೊಡ್ಡಪ್ಪ: ಬಹುಮತ ಅಂದ್ರೆ ಅದೇ ತಾನೆ? ಪ್ರಧಾನಿ ಅಂದಿದ್ದಕ್ಕೆಲ್ಲ ಹೂಂ ಅನ್ನೋಕೆ ಬೋರ್ಡ್ ಯಾತಕ್ಕೆ? ಅದೂ ಅಲ್ದೆ, ಆಯ್ಕೆಯಾದ ಹೆಸರನ್ನ ಆಕೆ ಒಪ್ಪಿ ಸಹಿ ಹಾಕಿದ್ರಲ್ಲ. ಒಪ್ಪದಿದ್ರೆ ಅವತ್ತೇ ಎದ್ದು ಹೋಗಬಹುದಿತ್ತು.

ಹುಡುಗಿ: ಸಹಿ ಹಾಕಿದ್ದು ತಪ್ಪು, ಅದನ್ನ ನಾನು ಸಮರ್ಥಿಸಲ್ಲ. ಆದ್ರೆ ಅದರ ಹಿಂದಿನ ಹೆದರಿಕೆ ನೋಡಿ. ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆಯೇ ನಡೀಬೇಕು ಅಂತ ಸಂವಿಧಾನದಲ್ಲಿ ಆಗಿನ್ನೂ ಖಡಾಖಂಡಿತವಾಗಿ ಬರೆದಿರ್ಲಿಲ್ಲ. ಅದು ಬಂದಿದ್ದು 1976ರ 42ನೇ ತಿದ್ದುಪಡಿಯಲ್ಲಿ. ಕಾಂಗ್ರೆಸ್ 1967ರಲ್ಲಿ ಗೆದ್ದಿದ್ದು 283 ಸೀಟು, ಪಕ್ಷದೊಳಗೆ ಅರ್ಧ ಜನ ಮುನಿಸಿಕೊಂಡವರು. ಇಂಥ ಹೊತ್ತಲ್ಲಿ ರಾಷ್ಟ್ರಪತಿ ಭವನದಲ್ಲಿ ಸಿಂಡಿಕೇಟಿನ, ಅಂದ್ರೆ ಪಕ್ಷದ ಹಿರಿಯ ಮುಖಂಡರ ಆ ಗುಂಪಿನ, ಮನುಷ್ಯ ಕೂತ್ರೆ ಮೊರಾರ್ಜಿಯನ್ನ ಕರೆದು ಪ್ರಮಾಣವಚನ ಕೊಡ್ತಾರೆ ಅಂತ ಆಕೆಗೆ ಅನ್ನಿಸಿದ್ರೆ ಅದು ಹುಚ್ಚು ಊಹೆ ಅಲ್ಲ.

(ನನಗೆ ಈ ಮಾತು ಅರ್ಧ ಒಪ್ಪಿಗೆ. ಹೆದರಿಕೆ ನಿಜವಾಗಿದ್ದರೂ ಅದನ್ನು ಬಾಯಿಬಿಟ್ಟು ಹೇಳದೆ ನಾಮಪತ್ರಕ್ಕೆ ಸಹಿ ಹಾಕಿದವರ ಬಗ್ಗೆ ಹಿರಿಯರಿಗೆ ಇರುವ ಕಹಿಯನ್ನು ಸಂವಿಧಾನದ ಕಲಮು ತೋರಿಸಿ ಕಳೆಯಲಾಗದು.)

ದೊಡ್ಡಪ್ಪ: ಹಾಗಾದ್ರೆ ಆಮೇಲೆ ನಡೆದಿದ್ದು ಹೇಳ್ತೀನಿ, ನಾನು ಕಂಡಿದ್ದು. ಬೆಂಗಳೂರಿಂದ ದಿಲ್ಲಿಗೆ ಹೋದವರೇ ಜುಲೈ 16ಕ್ಕೆ ಮೊರಾರ್ಜಿಯವರ ಕೈಯಿಂದ ಹಣಕಾಸು ಖಾತೆ ಕಿತ್ಕೊಂಡ್ರು. 19ಕ್ಕೆ, ಶನಿವಾರ, ಹದಿನಾಲ್ಕು ಬ್ಯಾಂಕು ರಾಷ್ಟ್ರೀಕರಣ. ಆ ಸುಗ್ರೀವಾಜ್ಞೆಗೆ ಸಹಿ ಹಾಕಿದ ಹಂಗಾಮಿ ರಾಷ್ಟ್ರಪತಿ ಯಾರು? ವಿ.ವಿ. ಗಿರಿ. ಮಾರನೇ ದಿನ ರಾಜೀನಾಮೆ ಕೊಟ್ಟು ತಾನೇ ಚುನಾವಣೆಗೆ ನಿಂತ್ರು! ಅವತ್ತು ಊರಲ್ಲಿ ಅರ್ಧ ಜನ ಬ್ಯಾಂಕಿನ ಮಾತಾಡ್ತಿದ್ರು, ಇನ್ನರ್ಧ ಜನ ಚಂದ್ರನ ಮೇಲೆ ಮನುಷ್ಯ ಇಳೀತಾನಂತೆ ಅಂತ ಮಾತಾಡ್ತಿದ್ರು.

ಹುಡುಗಿ: ನಿಮ್ಮ ಬ್ಯಾಂಕೂ ಆ ಹದಿನಾಲ್ಕರಲ್ಲಿತ್ತು.

ದೊಡ್ಡಪ್ಪ: ಇತ್ತು. ಐವತ್ತು ಕೋಟಿ ಮೇಲೆ ಠೇವಣಿ ಇದ್ದಿದ್ದೆಲ್ಲ ಹೋಯ್ತು. ಕೆನರಾ, ಸಿಂಡಿಕೇಟ್ ಬ್ಯಾಂಕುಗಳೆರಡೂ ನಮ್ಮ ಕಡೇವು. ಸೋಮವಾರ ಬಾಗಿಲು ತೆಗೆದಾಗ ಏನು ಬದಲಾಗಿತ್ತು ಅಂತೀಯ? ಅದೇ ಲೆಡ್ಜರು, ಅದೇ ಹಿತ್ತಾಳೆ ಟೋಕನ್ನು, ಅದೇ ಕ್ಯಾಷಿಯರ್ ಮುಖ. ಹನ್ನೊಂದು ಗಂಟೆ ಹೊತ್ತಿಗೆ ಒಬ್ಬ ಜಟಕಾ ಗಾಡಿಯವನು ಒಳಗೆ ಬಂದ. ಯಾವತ್ತೂ ಮೆಟ್ಟಿಲು ಹತ್ತಿದವನಲ್ಲ. ಸಾಲ ಕೇಳಲಿಲ್ಲ, ಖಾತೆ ತೆಗೀತೀನಿ ಅನ್ನಲಿಲ್ಲ. ಬೆಂಚಿನ ಮೇಲೆ ಫ್ಯಾನಿನ ಕೆಳಗೆ ಕೂತ. ಜವಾನ ಏನು ಬೇಕು ಅಂದ. ‘ಏನಿಲ್ಲ ಸ್ವಾಮಿ, ಇನ್ಮೇಲೆ ನಮ್ದೇ ಅಂತಲ್ಲ, ನೋಡ್ಕೊಂಡು ಹೋಗಾನ ಅಂತ ಬಂದೆ’ ಅಂದ. ಹತ್ತು ನಿಮಿಷ ಕೂತಿದ್ದು, ಟವೆಲ್ ಕೊಡವಿಕೊಂಡು ಹೋದ.

ಹುಡುಗಿ: ಅಲ್ಲೇ ಗೆದ್ದಾಯ್ತಲ್ಲ ದೊಡ್ಡಪ್ಪ.

ದೊಡ್ಡಪ್ಪ: ಏನು ಗೆಲ್ಲೋದು? ಜಟಕಾದವನಿಗೆ ರಾಷ್ಟ್ರಪತಿ ಚುನಾವಣೆಯಲ್ಲಿ ಓಟಿದೆಯಾ? ಓಟು ಹಾಕೋರು ಸಂಸದರು, ಶಾಸಕರು.

ಹುಡುಗಿ: ಅವನಿಗಿಲ್ಲ, ಅವನ ಓಟು ನಂಬಿಕೊಂಡ ಶಾಸಕನಿಗಿದೆ. ಎರಡು ವರ್ಷದ ಹಿಂದೆ ಕಾಮರಾಜ್ ಅಂಥವರು ತಮ್ಮೂರಲ್ಲೇ ಸೋತಿದ್ರು. ಎಸ್.ಕೆ. ಪಾಟೀಲರನ್ನ ಮುಂಬೈಯಲ್ಲಿ ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಮಣ್ಣುಮುಕ್ಕಿಸಿದ್ರು. ಗೆಲ್ಲಿಸೋ ಶಕ್ತಿ ಮುಖಂಡರ ಕೈಯಿಂದ ಜಾರಿಹೋಗಿದೆ ಅಂತ ಪ್ರತಿಯೊಬ್ಬ ಶಾಸಕನಿಗೂ ಗೊತ್ತಿತ್ತು. ಆಮೇಲೆ ಆ ಶನಿವಾರ ರಾತ್ರಿ ರೇಡಿಯೋದಲ್ಲಿ ಪ್ರಧಾನಿ ದನಿ. ಗುಪ್ತ ಮತದಾನದ ಕೋಣೆಯಲ್ಲಿ ಪೆನ್ಸಿಲು ಹಿಡಿದಾಗ ಅವನಿಗೆ ನೆನಪಾಗಿದ್ದು ಆತ್ಮಸಾಕ್ಷಿಯೋ ಮುಂದಿನ ಚುನಾವಣೆಯೋ ಅಂತ ಯಾರು ಹೇಳ್ತಾರೆ?

ದೊಡ್ಡಪ್ಪ: ಈಗ ನೀನೇ ಒಪ್ಕೊಂಡೆ. ಆತ್ಮಸಾಕ್ಷಿ ಅಲ್ಲ, ಅವಕಾಶ.

ಹುಡುಗಿ: ಅವಕಾಶವನ್ನ ಎರಡೂ ಕಡೆಯವರು ನೋಡ್ತಿದ್ರು. ಒಂದು ಕಡೆಯವರಿಗೆ ಅದು ಕಾಣಿಸ್ತು ಅಷ್ಟೆ. ಲೆಕ್ಕಕ್ಕೆ ಬರೋಣ, ನೀವು ಬ್ಯಾಂಕಿನವರು.

(ಇಲ್ಲಿ ಅವಳು ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ ಬರೆಯತೊಡಗಿದಳು. ಓದುಗರಿಗಾಗಿ ಸ್ವಲ್ಪ ವಿವರ: ಆಗ ಒಬ್ಬ ಸಂಸದನ ಮತದ ಮೌಲ್ಯ 576. ಶಾಸಕನದು ರಾಜ್ಯದ ಜನಸಂಖ್ಯೆಗೆ ತಕ್ಕಂತೆ. ನಮ್ಮ ಮೈಸೂರು ರಾಜ್ಯದ ಶಾಸಕನದು 109, ಉತ್ತರ ಪ್ರದೇಶದವನದು 174. ಮತಪತ್ರದಲ್ಲಿ ಹೆಸರುಗಳ ಎದುರು 1, 2, 3 ಎಂದು ಆಯ್ಕೆ ಬರೆಯಬೇಕು. ಸಿಂಧು ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಆಯ್ಕೆ ಯಾರಿಗೂ ಬಾರದಿದ್ದರೆ ಕೊನೆಯವನನ್ನು ತೆಗೆದು, ಅವನ ಪತ್ರಗಳನ್ನು ಮುಂದಿನ ಆಯ್ಕೆಯಂತೆ ಉಳಿದವರಿಗೆ ಹಂಚುತ್ತಾರೆ. ಇದುವರೆಗಿನ ರಾಷ್ಟ್ರಪತಿ ಚುನಾವಣೆಗಳಲ್ಲಿ ಈ ಹಂಚಿಕೆಯಿಂದ ಫಲಿತಾಂಶ ತೀರ್ಮಾನವಾದದ್ದು ಅದೊಂದೇ ಸಲ.)

ಹುಡುಗಿ: ಆಗಸ್ಟ್ 16ಕ್ಕೆ ಮತದಾನ, 20ಕ್ಕೆ ಎಣಿಕೆ. ಕಣದಲ್ಲಿ ಹದಿನೈದು ಜನ, ಲೆಕ್ಕಕ್ಕಿದ್ದವರು ಮೂವರು. ಮೊದಲ ಸುತ್ತಲ್ಲಿ ಗಿರಿ 4,01,515. ರೆಡ್ಡಿ 3,13,548. ಸ್ವತಂತ್ರ ಪಕ್ಷ, ಜನಸಂಘ ಬೆಂಬಲಿಸಿದ ಸಿ.ಡಿ. ದೇಶಮುಖ್ 1,12,769. ಗೆಲ್ಲೋಕೆ ಬೇಕಿದ್ದಿದ್ದು 4,18,169. ಗಿರಿಗೆ 16,654 ಕಮ್ಮಿ.

ದೊಡ್ಡಪ್ಪ: ಅಲ್ಲೇ ನೋಡು. ದೇಶಮುಖ್ ನಿಲ್ಲದೇ ಇದ್ದಿದ್ರೆ?

ಹುಡುಗಿ: ದೇಶಮುಖ್ ನಿಂತಿದ್ದಕ್ಕೆ ರೆಡ್ಡಿಗೆ ಅಂಥ ನಷ್ಟ ಆಗಲಿಲ್ಲ. ಅವರೂ ಉಳಿದವರೂ ಕಳಚಿಕೊಂಡ ಮೇಲೆ ರೆಡ್ಡಿಗೆ ಹೊಸದಾಗಿ ಬಂದಿದ್ದು 91,879. ಗಿರಿಗೆ ಬಂದಿದ್ದು ಬರೀ 18,562. ಹಂಚಿಕೆಯಾದ ನೂರರಲ್ಲಿ 83 ಪಾಲು ರೆಡ್ಡಿಗೇ ಸಿಕ್ತು. ಕೊನೆಗೆ ಗಿರಿ 4,20,077, ರೆಡ್ಡಿ 4,05,427. ಅಂತರ 14,650.

ದೊಡ್ಡಪ್ಪ: ಎರಡನೇ ಆಯ್ಕೆ ಬರೆಯದೆ ಹಾಳಾದ ಮತಗಳು?

ಹುಡುಗಿ: ಅದನ್ನೂ ಕೂಡಿ ಕಳೆದು ನೋಡ್ದೆ. ಯಾರ ಲೆಕ್ಕಕ್ಕೂ ಸೇರದೆ ಹೋಗಿದ್ದು 10,833. ಅಷ್ಟನ್ನೂ ರೆಡ್ಡಿಗೇ ಹಾಕಿದ್ರೂ 4,16,260 ಆಗುತ್ತೆ. ಆಗಲೂ ಸೋಲೇ. ಎರಡನೇ ಆಯ್ಕೆಯಲ್ಲಿ ಅವರು ಸಂಪಾದಿಸಬೇಕಾದ್ದನ್ನೆಲ್ಲ ಸಂಪಾದಿಸಿದ್ರು ದೊಡ್ಡಪ್ಪ. ಸೋತಿದ್ದು ಮೊದಲನೆಯದರಲ್ಲಿ. 1967ರಲ್ಲಿ ಜಾಕಿರ್ ಹುಸೇನರಿಗೆ ಬಂದಿದ್ದು 4,71,244. ಎರಡು ವರ್ಷದಲ್ಲಿ ಕಾಂಗ್ರೆಸ್ ಅಭ್ಯರ್ಥಿ 3,13,548ಕ್ಕೆ ಇಳಿದ್ರು.

ದೊಡ್ಡಪ್ಪ: ಆ ಹೋಲಿಕೆ ಸರಿ ಇಲ್ಲ. ಹುಸೇನರಿಗೆ ಪಕ್ಷದ ಆಚೆಯ ಮತವೂ ಬಿದ್ದಿತ್ತು. ಅದೂ ಅಲ್ದೆ 1969ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶ, ಬಿಹಾರ, ಬಂಗಾಳ, ಪಂಜಾಬಿನಲ್ಲಿ ಮಧ್ಯಂತರ ಚುನಾವಣೆ ಆಗಿ ವಿಧಾನಸಭೆಗಳೇ ಬದಲಾಗಿದ್ದವು.

ಹುಡುಗಿ: ಒಪ್ತೀನಿ. ಒಂದೂವರೆ ಲಕ್ಷ ಪೂರ್ತಿ ಪಕ್ಷದೊಳಗಿನ ಸೋರಿಕೆ ಅನ್ನಲ್ಲ. ಆದ್ರೆ ಅಷ್ಟೆಲ್ಲ ಬೇಕಾಗಿರ್ಲಿಲ್ಲ. 14,650ರ ಅಂತರ ಮುರಿಯೋಕೆ ಹದಿಮೂರು ಸಂಸದರು ಗಿರಿ ಕಡೆಯಿಂದ ರೆಡ್ಡಿ ಕಡೆಗೆ ಬಂದಿದ್ರೆ ಸಾಕಿತ್ತು.

ದೊಡ್ಡಪ್ಪ: ಹದಿಮೂರೇ?

ಹುಡುಗಿ: 576ನ್ನ ಇಲ್ಲಿ ಕೂಡಿ, ಅಲ್ಲಿ ಕಳೀರಿ. ಒಬ್ಬ ಕದಲಿದ್ರೆ 1,152.

ದೊಡ್ಡಪ್ಪ: (ತಾವೇ ಹಾಳೆ ಎಳೆದುಕೊಂಡು ಗುಣಿಸಿ) ಸರಿ ಇದೆ. ಅಯ್ಯೋ, ಹದಿಮೂರು ಜನ! ಒಂದು ಮದುವೆ ವ್ಯಾನಿಗೆ ಹಿಡಿಸ್ತಾರೆ. ಆ ಹದಿಮೂರನ್ನ ಕೆಡಿಸಿದ್ದು ಆ ಕರಪತ್ರ ಇರಬೇಕು. ಪಾರ್ಲಿಮೆಂಟಿನ ಸೆಂಟ್ರಲ್ ಹಾಲಲ್ಲೇ ರೆಡ್ಡಿಯವರ ಮೇಲೆ ಹೊಲಸು ಹೊಲಸಾಗಿ ಬರೆದ ಹಾಳೆ ಹಂಚಿದ್ರು. ಕೇಸು ಸುಪ್ರೀಂ ಕೋರ್ಟಿಗೆ ಹೋಯ್ತು, ಪದವಿಯಲ್ಲಿದ್ದ ರಾಷ್ಟ್ರಪತಿಯೇ ಬಂದು ಸಾಕ್ಷಿ ಹೇಳಬೇಕಾಯ್ತು.

ಹುಡುಗಿ: ಅದನ್ನ ಗಿರಿಯವರ ಒಪ್ಪಿಗೆಯಿಂದ ಹಂಚಿದ್ದು ಅಂತ ಸಾಬೀತಾಗಲಿಲ್ಲ, 1970ರಲ್ಲಿ ಅರ್ಜಿ ವಜಾ ಆಯ್ತು. ಹಂಚಿದ್ದು ಹೇಯ ಕೆಲಸ. ಆದ್ರೆ ಅದನ್ನ ಓದಿ ಮನಸ್ಸು ಬದಲಾಯಿಸೋ ಸಂಸದ ಅವತ್ತು ಇದ್ದ ಅಂತ ನನಗೆ ಅನ್ನಿಸಲ್ಲ. ಹದಿಮೂರು ಜನಕ್ಕೆ ಕಾರಣ ಕೊಟ್ಟಿದ್ದು ಬೇರೆ. ಬೇಜಾರು ಮಾಡ್ಕೋಬೇಡಿ. ಕೊಟ್ಟಿದ್ದು ನಿಮ್ಮ ನಿಜಲಿಂಗಪ್ಪನವರು.

ದೊಡ್ಡಪ್ಪ: ಬಂದ್ಯಾ ಅಲ್ಲಿಗೆ! ಬರ್ತೀಯ ಅಂತ ಗೊತ್ತಿತ್ತು.

ಹುಡುಗಿ: ಕಾಂಗ್ರೆಸ್ ಅಧ್ಯಕ್ಷರು ಜನಸಂಘ, ಸ್ವತಂತ್ರ ಪಕ್ಷದ ನಾಯಕರನ್ನ ಕಂಡು, ನಿಮ್ಮವರ ಎರಡನೇ ಆಯ್ಕೆ ನಮ್ಮ ರೆಡ್ಡಿಗೆ ಕೊಡಿಸಿ ಅಂತ ಕೇಳಿದ್ರು. ಅಲ್ಲೀತನಕ ಇಂದಿರಾ ಕಡೆಯವರ ಕೈಲಿ ಏನಿತ್ತು? ಸಹಿ ಹಾಕಿದ ನಾಮಪತ್ರ. ಅದರ ವಿರುದ್ಧ ಮಾತಾಡೋಕೆ ಮುಖ ಇರ್ಲಿಲ್ಲ. ಈ ಭೇಟಿ ಆದ ಮೇಲೆ ಜಗಜೀವನ್ ರಾಮ್, ಫಕ್ರುದ್ದೀನ್ ಅಲಿ ಅಹಮದ್ ಕಾಗದ ಬರೆದ್ರು, ಬ್ಯಾಂಕ್ ರಾಷ್ಟ್ರೀಕರಣ ವಿರೋಧಿಸೋರ ಜೊತೆ ಏನು ಒಪ್ಪಂದ ಮಾಡ್ಕೊಂಡ್ರಿ, ಹೇಳಿ ಅಂತ. ಸದಸ್ಯರಿಗೆ ಮತ ಹಾಕೋ ಸ್ವಾತಂತ್ರ್ಯ ಬೇಕು ಅಂತ. ವಿಪ್ ಹೊರಡಿಸಿ ಅಂತ ಅಧ್ಯಕ್ಷರು ಕೇಳಿದ್ರೆ ಪ್ರಧಾನಿ ಆಗಲ್ಲ ಅಂದ್ರು.

ದೊಡ್ಡಪ್ಪ: ಚುನಾವಣೆ ಅಂದ ಮೇಲೆ ಎಲ್ಲರ ಮನೆ ಬಾಗಿಲಿಗೂ ಹೋಗಬೇಕು. ಗಿರಿಗೆ ಕಮ್ಯುನಿಸ್ಟರು, ಡಿಎಂಕೆ, ಅಕಾಲಿ ಎಲ್ಲ ಬೆಂಬಲ ಕೊಟ್ಟಾಗ ಅದು ಪ್ರಗತಿಪರ. ನಮ್ಮ ಎಸ್ಸೆನ್, ನಿಜಲಿಂಗಪ್ಪನವರು, ಹೋಗಿ ಕೇಳಿದ್ರೆ ಪಿತೂರಿ. ಇದ್ಯಾವ ನ್ಯಾಯ?

ಹುಡುಗಿ: ನ್ಯಾಯ ಅಲ್ಲ, ನಾನು ಜಾಣತನದ ಬಗ್ಗೆ ಹೇಳ್ತಿದ್ದೀನಿ. ದೇಶಮುಖರಿಗೆ ಮೊದಲ ಮತ ಹಾಕೋ ಜನಸಂಘದವನ ಮುಂದೆ ಎರಡನೆಯದಕ್ಕೆ ಯಾರಿದ್ರು? ಒಂದು ಕಡೆ ಕಮ್ಯುನಿಸ್ಟರ ಬೆಂಬಲದ ಗಿರಿ, ಬ್ಯಾಂಕ್ ಸುಗ್ರೀವಾಜ್ಞೆಗೆ ಸಹಿ ಹಾಕಿದವರು. ಇನ್ನೊಂದು ಕಡೆ ರೆಡ್ಡಿ. ಕೇಳದೇ ಇದ್ದಿದ್ರೂ ಆ ಮತ ಎಲ್ಲಿಗೆ ಬರ್ತಿತ್ತು? ಕೇಳದಿದ್ರೂ ಬರೋ ಮತವನ್ನ ಕೇಳೋಕೆ ಹೋಗಿ, ಮನೆಯೊಳಗಿನ ಮತ ಕಳಕೊಂಡ್ರು.

ದೊಡ್ಡಪ್ಪ: ನೀನು ಪುಸ್ತಕದಲ್ಲಿ ಓದಿದವಳು. ಕೇಳದೆ ಯಾರೂ 2 ಅಂತ ಬರೆಯಲ್ಲ ಕಣವ್ವ. ಇಬ್ಬರೂ ಕಾಂಗ್ರೆಸ್ಸಿನವರೇ, ಅವರವರೇ ಬಡಿದಾಡ್ಕೊಳ್ಳಲಿ ಅಂತ 1 ಬರೆದು ಮಡಚಿ ಪೆಟ್ಟಿಗೆಗೆ ಹಾಕಿ ಬರ್ತಾರೆ. ನಿನ್ನ 83 ಪಾಲು ಇದೆಯಲ್ಲ, ಅದರಲ್ಲಿ ಎಷ್ಟು ಎಸ್ಸೆನ್ ಹೋಗಿ ಕೇಳಿದ್ದಕ್ಕೆ ಬಂತು ಅಂತ ಹೇಗೆ ಗೊತ್ತು? ಕೇಳದಿದ್ರೆ ಅಂತರ ಐವತ್ತು ಸಾವಿರ ಆಗಿರ್ತಿತ್ತೋ ಏನೋ.

ಹುಡುಗಿ: ಆಗಿರಬಹುದು. ಆದ್ರೆ ಗುಟ್ಟಾಗಿ ಇನ್ಯಾರನ್ನೋ ಕಳಿಸಿ ಕೇಳಿಸಬಹುದಿತ್ತು. ಪಕ್ಷದ ಅಧ್ಯಕ್ಷರೇ ಹೋಗಬೇಕಿತ್ತಾ?

ದೊಡ್ಡಪ್ಪ: ಗುಟ್ಟು ಗಿಟ್ಟು ಎಸ್ಸೆನ್ ಸ್ವಭಾವದಲ್ಲೇ ಇರ್ಲಿಲ್ಲ. ಅದಕ್ಕೇ ಸೋತ್ರು ಅಂತ ಬೇಕಾದ್ರೆ ಬರ್ಕೋ.

(ಇದನ್ನು ಅವರು ಸಿಟ್ಟಿನಲ್ಲಿ ಅಂದರು. ನನಗೇನೋ ಇಡೀ ಸಂಜೆಯ ಮಾತಿನಲ್ಲಿ ಸತ್ಯಕ್ಕೆ ತೀರಾ ಹತ್ತಿರ ಬಂದದ್ದು ಇದೇ ಅನ್ನಿಸಿತು. ಇಂದಿರಾ ನೆಪ ಹುಡುಕುತ್ತಿದ್ದರು, ಸಂಶಯವಿಲ್ಲ. ಈ ನೆಪ ಸಿಗದಿದ್ದರೆ ಇನ್ನೊಂದು ಸಿಗುತ್ತಿತ್ತೇನೋ. ಆದರೆ ಹಿಂಜರಿಯುತ್ತಿದ್ದ ಸಂಸದ ಹೆಂಡತಿ ಮಕ್ಕಳ ಮುಂದೆ, ಊರಿನ ಕಾರ್ಯಕರ್ತರ ಮುಂದೆ ಹೇಳಿಕೊಳ್ಳಬಹುದಾದಂಥ ನೆಪ ಆ ಒಂದೇ. ಪಕ್ಷ ಬಿಟ್ಟೆ ಎನ್ನಬೇಕಾಗಿಲ್ಲ, ಪಕ್ಷವನ್ನು ಬಲಪಂಥೀಯರಿಗೆ ಮಾರಲು ಬಿಡಲಿಲ್ಲ ಎನ್ನಬಹುದು.)

ಹುಡುಗಿ: ಇನ್ನೊಂದು ತಮಾಷೆ ನೋಡಿ. ಆ ‘ಬಲಪಂಥೀಯ’ ಅಭ್ಯರ್ಥಿ ದೇಶಮುಖ್ ಯಾರು? 1955ರಲ್ಲಿ ಇಂಪೀರಿಯಲ್ ಬ್ಯಾಂಕ್ ಹೋಗಿ ಸ್ಟೇಟ್ ಬ್ಯಾಂಕ್ ಆದಾಗ, 1956ರಲ್ಲಿ ಜೀವವಿಮೆ ಸರ್ಕಾರದ ಕೈಗೆ ಬಂದಾಗ ಹಣಕಾಸು ಮಂತ್ರಿ ಆಗಿದ್ದವರು. ರಾಷ್ಟ್ರೀಕರಣದ ಲೆಕ್ಕದಲ್ಲಿ ಆ ಮೂವರಲ್ಲಿ ಅವರಷ್ಟು ಮಾಡಿದವರು ಯಾರೂ ಇಲ್ಲ.

ದೊಡ್ಡಪ್ಪ: ಅದು ಗೊತ್ತು, ನಾನು ಬ್ಯಾಂಕಿನವನು. ಆದ್ರೆ ಒಂದು ಗಮನಿಸಿದ್ಯಾ? ಇಷ್ಟು ಹೊತ್ತು ಮಾತಾಡಿದ್ವಿ, ರೆಡ್ಡಿ ಏನು ಮಾಡಿದ್ರು, ಏನು ಮಾಡಲಿಲ್ಲ ಅಂತ ನಾನೂ ಹೇಳಲಿಲ್ಲ, ನೀನೂ ಕೇಳಲಿಲ್ಲ.

ಹುಡುಗಿ: ಅದು ನನಗೂ ವಿಚಿತ್ರ ಅನ್ಸುತ್ತೆ. 1967ರಲ್ಲಿ ಲೋಕಸಭೆ ಸ್ಪೀಕರ್ ಆದಾಗ ಕಾಂಗ್ರೆಸ್ ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟ ಮನುಷ್ಯ. ಈ ಕುರ್ಚಿಗೆ ಪಕ್ಷ ಇಲ್ಲ ಅಂತ ತೋರಿಸಿದವರು. ಎರಡೂವರೆ ವರ್ಷ ಆಗೋದರೊಳಗೆ ಪಕ್ಷದೊಳಗಿನ ಒಂದು ಬಣದ ಆಳು ಅನ್ನೋ ಹಣೆಪಟ್ಟಿ ಹಚ್ಚಿಕೊಂಡ್ರು. ಅತ್ತ ಗಿರಿ ಕಾರ್ಮಿಕ ಸಂಘದಿಂದ ಬಂದವರು, ರಾಜ್ಯಪಾಲರಾಗಿ ಊರೂರು ಸುತ್ತಿದವರು. 1965ರಿಂದ 67ರ ತನಕ ನಮ್ಮ ಮೈಸೂರಿಗೂ ರಾಜ್ಯಪಾಲರಾಗಿದ್ರು.

ದೊಡ್ಡಪ್ಪ: ರೆಡ್ಡಿಯವರೇನು ದೂರದವರಾ? ಅನಂತಪುರ ಜಿಲ್ಲೆ, ಪಾವಗಡ ದಾಟಿದ್ರೆ ಅವರ ಸೀಮೆ. ಕೊನೆಗೆ ತೀರಿಕೊಂಡಿದ್ದೂ ಬೆಂಗಳೂರಲ್ಲೇ, 1996ರಲ್ಲಿ. ತಾವಾಗಿ ಏನನ್ನೂ ಕೇಳದೆ ಇದ್ದವರನ್ನ ಇವರೆಲ್ಲ ಎಳೆದು ತಂದು ನಿಲ್ಲಿಸಿದ್ರು ಅಂತ ನನಗೆ ಅನ್ಸುತ್ತೆ.

ಹುಡುಗಿ: ಅದನ್ನೇ ನಾನೂ ಹೇಳ್ತಿರೋದು. ಸಿಂಡಿಕೇಟಿಗೆ ರಾಷ್ಟ್ರಪತಿ ಬೇಕಿರ್ಲಿಲ್ಲ, ಪ್ರಧಾನಿಗೆ ಮೂಗುದಾರ ಬೇಕಿತ್ತು. ಅಭ್ಯರ್ಥಿಯ ಗುಣ ಹೇಳಿ ಮತ ಕೇಳೋದು ಬಿಟ್ಟು, ಶಿಸ್ತು ಶಿಸ್ತು ಅಂದ್ರು. ಶಿಸ್ತಿಗೆ ಹೆದರೋ ಕಾಲ 1967ಕ್ಕೇ ಮುಗಿದಿತ್ತು.

ದೊಡ್ಡಪ್ಪ: ಶಿಸ್ತಿನ ಕಥೆ ಆಮೇಲೂ ನಡೀತಲ್ಲ. ನವೆಂಬರ್ 12ಕ್ಕೆ ಎಸ್ಸೆನ್ ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದ್ರು. ಪಕ್ಷ ಎರಡು ಹೋಳು. 1971ರ ಲೋಕಸಭೆ ಚುನಾವಣೆಯಲ್ಲಿ ಮೈಸೂರಿನ 27ಕ್ಕೆ 27 ಸೀಟೂ ಇಂದಿರಾ ಕಾಂಗ್ರೆಸ್ಸಿಗೆ ಹೋಯ್ತು. ರೆಡ್ಡಿ ಹಿಂದೂಪುರದಲ್ಲಿ ನಿಂತು ಸೋತ್ರು, ಸ್ವಂತ ಜಿಲ್ಲೆಯಲ್ಲಿ. ನಮ್ಮ ಬ್ಯಾಂಕಿಗೆ ಬಂದ ಜಟಕಾದವನು ಆ ಹೊತ್ತಿಗೆ ಖಾತೆ ತೆಗೆದಿದ್ದ, ಅದೂ ಹೇಳ್ಬೇಕು.

ಹುಡುಗಿ: 1977ರಲ್ಲಿ ಅದೇ ರೆಡ್ಡಿ ಅವಿರೋಧವಾಗಿ ರಾಷ್ಟ್ರಪತಿ. ನಾಮಪತ್ರ ಹಾಕಿದವರು ಮೂವತ್ತೇಳು ಜನ, ಪರಿಶೀಲನೆಯಲ್ಲಿ ಉಳಿದಿದ್ದು ಒಂದೇ.

ದೊಡ್ಡಪ್ಪ: ಅದಕ್ಕೇ ಹೇಳ್ತೀನಿ, 69ರಲ್ಲೇ ಗೆಲ್ಲಿಸಿದ್ರೆ ಏನು ಆಕಾಶ ಬೀಳ್ತಿತ್ತು? ಆಯಮ್ಮ ಸುಮ್ಮಸುಮ್ಮನೆ ಹೆದರಿದ್ರು. ಗೆದ್ದ ಮೇಲೆ ರೆಡ್ಡಿ ಯಾವ ಪ್ರಧಾನಿಯನ್ನ ಕಿತ್ತುಹಾಕಿದ್ರು?

ಹುಡುಗಿ: 1979 ಮರೆತ್ರಾ ದೊಡ್ಡಪ್ಪ? ಮೊರಾರ್ಜಿ ಸರ್ಕಾರ ಬಿತ್ತು. ಚರಣ್ ಸಿಂಗರನ್ನ ಕರೆದು ಪ್ರಮಾಣವಚನ ಕೊಟ್ಟಿದ್ದು ರೆಡ್ಡಿ. ಚರಣ್ ಸಿಂಗ್ ಒಂದು ದಿನವೂ ಲೋಕಸಭೆ ಎದುರಿಸದೆ ಆಗಸ್ಟ್ 20ಕ್ಕೆ ರಾಜೀನಾಮೆ ಕೊಟ್ಟಾಗ, ನನಗೆ ಸಂಖ್ಯೆ ಇದೆ, ಅವಕಾಶ ಕೊಡಿ ಅಂತ ಜನತಾ ಪಕ್ಷದ ನಾಯಕರೊಬ್ಬರು ಕೇಳಿದ್ರು. ಕೊಡದೆ ಲೋಕಸಭೆ ವಿಸರ್ಜಿಸಿದ್ದೂ ರೆಡ್ಡಿ. ಕೇಳಿದವರು ಯಾರು ಗೊತ್ತಲ್ಲ?

ದೊಡ್ಡಪ್ಪ: ಜಗಜೀವನ್ ರಾಮ್.

ಹುಡುಗಿ: ಬೆಂಗಳೂರಿನ ಬೋರ್ಡ್ ಮೀಟಿಂಗಿನಲ್ಲಿ ಯಾರ ಹೆಸರು ಬಿಟ್ಟು ಇವರ ಹೆಸರು ಆರಿಸಿದ್ರೋ ಅವರೇ. ರಾಷ್ಟ್ರಪತಿ ಮನಸ್ಸು ಮಾಡಿದ್ರೆ ಯಾರು ಪ್ರಧಾನಿ ಆಗ್ತಾರೆ, ಯಾರು ಆಗಲ್ಲ ಅನ್ನೋದು ತೀರ್ಮಾನ ಆಗುತ್ತೆ ಅಂತ ತಾನೆ 69ರಲ್ಲಿ ಇಂದಿರಾ ಹೆದರಿದ್ದು? 42ನೇ ತಿದ್ದುಪಡಿ ಬಂದ ಮೇಲೂ ಅದು ನಡೀತು.

ದೊಡ್ಡಪ್ಪ: ವಿಸರ್ಜನೆ ಮಾಡಿ ಅಂತ ಸಲಹೆ ಕೊಟ್ಟಿದ್ದು ಚರಣ್ ಸಿಂಗರ ಮಂತ್ರಿಮಂಡಲ. ಅದನ್ನ ರೆಡ್ಡಿಯವರ ತಲೆಗೆ ಕಟ್ಟಬೇಡ.

ಹುಡುಗಿ: ವಿಶ್ವಾಸಮತ ಕೇಳೋಕೇ ಹೋಗದ ಪ್ರಧಾನಿ ಕೊಟ್ಟ ಸಲಹೆಯನ್ನ ಒಪ್ಪಲೇಬೇಕಿತ್ತಾ?

ದೊಡ್ಡಪ್ಪ: ಅದು ಬೇರೆ ಕೇಸು. ಅದರಲ್ಲಿ ನಾನು ನಿನಗೆ ಇಷ್ಟು ಸುಲಭಕ್ಕೆ ಸಿಕ್ಕಲ್ಲ. ಇನ್ನೊಂದು ಹಾಳೆ ತಗೊಂಡು ಬಾ.